ಪ್ಲಗ್ ವೈರ್ ಕೊಳ್ಳುವಾಗ ತಾಮ್ರಕ್ಕಿಂತ ರಬ್ಬರ್ ನೋಡಿ

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1997ರ ಮಾರುತಿ 800 ಇನ್ನೂ ನಮ್ಮಲ್ಲೇ ಇದೆ. ಕಾರ್ಬ್ಯುರೇಟರ್ ಗಾಡಿ. ವಾರಕ್ಕೆ ಎರಡು ಮೂರು ದಿನ ಓಡಿಸುತ್ತೇನೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಆದರೆ ಮಿಸ್ಸಿಂಗ್ ಹೊಡೆಯುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಆದರೂ ಫ್ಲೈಓವರ್ ಏರುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಕೊಡುತ್ತದೆ. ಪ್ಲಗ್ ಹೊಸದು ಹಾಕಿಸಿದ್ದೇನೆ. ಪ್ಲಗ್ ವೈರ್ ಬದಲಿಸಿ ಅಂತ ಮೆಕ್ಯಾನಿಕ್ ಹೇಳಿದರು. ಜೆ.ಸಿ. ರಸ್ತೆಗೆ ಹೋದರೆ ಒಂದೇ ಅಂಗಡಿಯಲ್ಲಿ ಮೂರು ಥರ ತೋರಿಸಿದರು. ಪ್ಲಾಸ್ಟಿಕ್ ಕವರಿನಲ್ಲಿ ಹೆಸರಿಲ್ಲದ ಅಗ್ಗದ ಸೆಟ್, ಕಂಪನಿ ಬಾಕ್ಸಿನಲ್ಲಿ ಕಪ್ಪು ಸೆಟ್, ಮತ್ತೆ 8.5 ಮಿ.ಮೀ. ದಪ್ಪದ ಕೆಂಪು 'ರೇಸಿಂಗ್' ಸೆಟ್. ಮೆಕ್ಯಾನಿಕ್ ಮಾತ್ರ, "ಇವ್ಯಾವುದೂ ಬೇಡ ಸಾರ್, ತಾಮ್ರದ ವೈರ್ ಕಟ್ ಮಾಡಿ ಹಾಕ್ಕೊಡ್ತೀನಿ, ಕರೆಂಟ್ ಜಾಸ್ತಿ ಬರುತ್ತೆ" ಅನ್ನುತ್ತಾರೆ. ಯಾವುದು ತಗೊಳ್ಳಲಿ? ಹಣ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.
— ಹನುಮಂತನಗರದ ಓದುಗರು

ಉತ್ತರ: ಕಂಪನಿ ಬಾಕ್ಸಿನ ಕಪ್ಪು ಸೆಟ್ ತಗೊಳ್ಳಿ. ಆದರೆ ಕೌಂಟರಿನಲ್ಲೇ ಬಾಕ್ಸ್ ತೆಗೆಸಿ, ಕೆಳಗೆ ಹೇಳಿರುವ ಹಾಗೆ ಒಮ್ಮೆ ಪರೀಕ್ಷೆ ಮಾಡಿ. ಕೆಂಪು ಸೆಟ್ ನಿಮಗೆ ಬೇಕಿಲ್ಲ. ಹೆಸರಿಲ್ಲದ ಸೆಟ್ ಬೇಡವೇ ಬೇಡ. ತಾಮ್ರದ ವೈರ್ ಕೆಟ್ಟದ್ದೇನಲ್ಲ, ಆದರೆ ಅದರ ಜಾಗ ನಿಮ್ಮ ಗಾಡಿಯಲ್ಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ನಮ್ಮ ಊರಿನ ಗ್ಯಾರೇಜುಗಳಲ್ಲಿ 'ತಾಮ್ರ ಹಾಕಿದರೆ ಕರೆಂಟ್ ಜಾಸ್ತಿ' ಅನ್ನದವರೇ ಕಡಿಮೆ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೊದಲು ನಿಮ್ಮ ಗಾಡಿಯ ತೊಂದರೆ ನೋಡೋಣ. ನೀವು ಹೇಳಿದ ಎರಡೂ ಲಕ್ಷಣ ಒಂದೇ ಕಡೆ ಬೆರಳು ತೋರಿಸುತ್ತಿವೆ. ಬ್ಯಾಟರಿಯ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸುವುದು ಕಾಯಿಲ್, ಅದನ್ನು ಪ್ಲಗ್ಗಿಗೆ ಮುಟ್ಟಿಸುವುದು ಪ್ಲಗ್ ವೈರ್. ಕಾಯಿಲ್‌ನಿಂದ ಬರುವ ವೋಲ್ಟೇಜ್ ಯಾವಾಗಲೂ ಒಂದೇ ಇರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಎಷ್ಟು ವೋಲ್ಟ್ ಬೇಕು ಅಂತ ತೀರ್ಮಾನಿಸುವುದು ಪ್ಲಗ್. ಪ್ಲಗ್ಗಿನ ಗ್ಯಾಪಿನಲ್ಲಿ ಕಿಡಿ ಹಾರುವವರೆಗೆ ಕಾಯಿಲ್‌ನ ವೋಲ್ಟೇಜ್ ಏರುತ್ತಾ ಹೋಗುತ್ತದೆ, ಕಿಡಿ ಹಾರಿದ ತಕ್ಷಣ ಇಳಿದುಬಿಡುತ್ತದೆ. ಐಡ್ಲಿಂಗ್‌ನಲ್ಲಿ ಸಿಲಿಂಡರಿನೊಳಗೆ ಒತ್ತಡ ಕಡಿಮೆ. ಆಗ 8ರಿಂದ 10 ಸಾವಿರ ವೋಲ್ಟ್ ಸಾಕಾಗಬಹುದು. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತಿಸುವಾಗ ಸಿಲಿಂಡರ್ ತುಂಬಾ ಗಾಳಿ ಪೆಟ್ರೋಲ್ ತುಂಬುತ್ತದೆ, ಒತ್ತಡ ಏರುತ್ತದೆ, ಅದೇ ಗ್ಯಾಪ್ ದಾಟಲು 15 ಸಾವಿರಕ್ಕಿಂತಲೂ ಜಾಸ್ತಿ ಬೇಕಾಗಬಹುದು. ವೈರಿನ ರಬ್ಬರ್ ಎಲ್ಲೋ ಬಿರುಕು ಬಿಟ್ಟಿದ್ದರೆ ಕರೆಂಟಿಗೆ ಅಷ್ಟೆಲ್ಲಾ ಕಷ್ಟಪಡುವ ಅಗತ್ಯವೇ ಇಲ್ಲ. ಪಕ್ಕದಲ್ಲೇ ಇಂಜಿನ್ ಬಾಡಿ ಇದೆ, ಅಲ್ಲಿಗೇ ಹಾರುತ್ತದೆ. ಹೊರಗಿನ ಗಾಳಿಯಲ್ಲಿ ಒಂದು ಮಿ.ಮೀ. ದಾಟಲು ಸುಮಾರು 3 ಸಾವಿರ ವೋಲ್ಟ್ ಸಾಕು. 15 ಸಾವಿರ ಇದ್ದರೆ ಅರ್ಧ ಸೆಂಟಿಮೀಟರ್ ಹಾರುವುದು ಅದಕ್ಕೆ ದೊಡ್ಡ ಮಾತಲ್ಲ.

ನಿಮ್ಮ ಮನೆಯ ಸಂಪಿನಿಂದ ಮೇಲಕ್ಕೆ ಹೋಗುವ ಪೈಪಿನಲ್ಲಿ ನಡುವೆ ತೂತು ಬಿದ್ದಿದೆ ಅಂದುಕೊಳ್ಳಿ. ಕೆಳಗಿನ ನಲ್ಲಿಗೆ ನೀರು ಬರುತ್ತದೆ, ಮೂರನೇ ಮಹಡಿಯ ಟ್ಯಾಂಕಿಗೆ ಮಾತ್ರ ಏರುವುದಿಲ್ಲ. ಐಡ್ಲಿಂಗ್ ಚೆನ್ನಾಗಿದ್ದು ಫ್ಲೈಓವರ್ ಮೇಲೆ ಮಾತ್ರ ಜರ್ಕ್ ಹೊಡೆಯುವುದು ಇದೇ ಕಾರಣಕ್ಕೆ. ಮಳೆಯ ತೇವ ಸೇರಿದರೆ ವೈರಿನ ಮೈಮೇಲೇ ಕರೆಂಟಿಗೆ ದಾರಿ ಸಿಗುತ್ತದೆ. ಆಗ ಐಡ್ಲಿಂಗ್‌ನಲ್ಲೂ ಮಿಸ್ಸಿಂಗ್.

ಇಷ್ಟು ಅರ್ಥವಾದರೆ ವೈರ್ ಆರಿಸುವ ಲೆಕ್ಕ ಅರ್ಧ ಮುಗಿದ ಹಾಗೆ. ಹಳೇ ಕಾರಿನಲ್ಲಿ ಹೆಚ್ಚಾಗಿ ಕೈಕೊಡುವುದು ಹೊರಗಿನ ರಬ್ಬರ್ ಮತ್ತು ಎರಡೂ ತುದಿಯ ಟರ್ಮಿನಲ್. ಒಳಗಿನ ತಂತಿಯಿಂದ ತೊಂದರೆ ಬರುವುದು ಅಷ್ಟು ಸಾಮಾನ್ಯವಲ್ಲ. ಆದರೆ ಅಂಗಡಿಯಲ್ಲಿ ಮಾತೆಲ್ಲ ನಡೆಯುವುದು ಒಳಗಿನ ತಂತಿಯ ಬಗ್ಗೆ.

ಆದರೂ ಜೇಬಿಗೆ ಕೈ ಹಾಕುವ ಮೊದಲು ತಪ್ಪು ವೈರಿನದ್ದೇ ಅಂತ ಖಚಿತ ಮಾಡಿಕೊಳ್ಳಿ. ಮಳೆಗಾಲದ ಮಿಸ್ಸಿಂಗ್‌ನಲ್ಲಿ ಎಷ್ಟೋ ಸಲ ಕಳ್ಳ ಡಿಸ್ಟ್ರಿಬ್ಯೂಟರ್ ಕ್ಯಾಪ್, ಬೈಸಿಕೊಳ್ಳುವುದು ವೈರ್. (ಕಾಯಿಲ್ ಕೊಟ್ಟ ಕರೆಂಟನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುವುದು ಡಿಸ್ಟ್ರಿಬ್ಯೂಟರ್, ಅದರ ಮುಚ್ಚಳವೇ ಕ್ಯಾಪ್.) ಕ್ಯಾಪ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿ. ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಿದ್ದರೆ ಅದು ಕಾರ್ಬನ್ ಟ್ರ್ಯಾಕ್. ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಲೇಬೇಕು. ಮಧ್ಯದಲ್ಲಿ ಸ್ಪ್ರಿಂಗ್ ಹಾಕಿದ ಸಣ್ಣ ಕಾರ್ಬನ್ ಕಡ್ಡಿ ಇರುತ್ತದೆ. ಅದು ಸವೆದಿರಬಾರದು, ಒಳಗೆ ಸಿಕ್ಕಿಕೊಂಡಿರಲೂ ಬಾರದು. ಕ್ಯಾಪಿನೊಳಗೆ ತಿರುಗುತ್ತಾ ಕರೆಂಟ್ ಹಂಚುವ ರೋಟರಿನ ತುದಿ ಸುಟ್ಟು ಹೋಗಿದೆಯಾ ನೋಡಿ. ಕಾಯಿಲ್‌ನಿಂದ ಕ್ಯಾಪಿಗೆ ಬರುವ ದೊಡ್ಡ ವೈರನ್ನೂ ಬಿಡಬೇಡಿ. ಅದು ಕೆಟ್ಟರೆ ಮೂರು ಸಿಲಿಂಡರಿಗೂ ಏಟು. ಪ್ಲಗ್ ಹೊಸದು ಅಂದಿರಿ, ಗ್ಯಾಪ್ ನೋಡಿದಿರಾ? ನಿಮ್ಮ ಗಾಡಿಗೆ 0.7ರಿಂದ 0.8 ಮಿ.ಮೀ. ಇರಬೇಕು. ಬಾಕ್ಸಿನಿಂದ ತೆಗೆದು ಹಾಗೇ ಹಾಕಿದ ಪ್ಲಗ್ಗಿನಲ್ಲಿ ಒಂದು ಮಿ.ಮೀ. ಗ್ಯಾಪ್ ಇದ್ದರೆ, ಬೇಕಾಗುವ ವೋಲ್ಟೇಜೂ ಅಷ್ಟೇ ಏರುತ್ತದೆ.

ವೈರನ್ನು ಪರೀಕ್ಷಿಸುವ ಸುಲಭ ದಾರಿ ಕತ್ತಲೆ. ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ನೋಡಿ. ಬಟ್ಟೆಗೆ ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಸಣ್ಣಗೆ ನೀರು ಹಾಯಿಸಿ. ಎಲ್ಲಿ ನೀಲಿ ಕಿಡಿ ಓಡಾಡುತ್ತದೋ, ಎಲ್ಲಿ ಚಿಟಪಟ ಸದ್ದು ಬರುತ್ತದೋ ಅಲ್ಲೇ ಸೋರಿಕೆ. ನೀರನ್ನು ಸುರಿಯಬೇಡಿ, ಮಂಜಿನಷ್ಟು ಸಾಕು. ಗ್ಯಾರೇಜ್ ಬಾಗಿಲು ತೆರೆದಿರಲಿ, ಹೊಗೆ ಒಳಗೆ ತುಂಬಬಾರದು. ವೈರ್ ಮುಟ್ಟಬೇಡಿ. ರೇಡಿಯೇಟರಿನ ಫ್ಯಾನ್ ಕರೆಂಟಿನದ್ದು, ಯಾವಾಗ ಬೇಕಾದರೂ ತಿರುಗಬಹುದು. ಹಾಗಾಗಿ ಸೆರಗು, ದುಪಟ್ಟ, ಸಡಿಲವಾದ ತೋಳು ಹತ್ತಿರ ಬರಬಾರದು. ಮನೆಯಲ್ಲಿ ಯಾರಿಗಾದರೂ ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ ಅವರು ಬಾನೆಟ್ ಹತ್ತಿರವೇ ಬೇಡ.

ಮಲ್ಟಿಮೀಟರ್ ಇದ್ದರೆ ಇಂಜಿನ್ ಆಫ್ ಮಾಡಿ, ಒಂದೊಂದು ವೈರ್ ಬಿಚ್ಚಿ ತುದಿಯಿಂದ ತುದಿಗೆ ಓಮ್ಸ್ ನೋಡಿ. ಕಾರ್ಬನ್ ಕೋರ್ ವೈರಿಗೆ ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ಬರುವುದು ಸಾಮಾನ್ಯ. ಅಂದರೆ ಅರ್ಧ ಮೀಟರ್ ವೈರಿಗೆ 5ರಿಂದ 10. ಮೀಟರಿಗೆ ಹಿಡಿದುಕೊಂಡೇ ವೈರನ್ನು ಅಲ್ಲಾಡಿಸಿ, ಬಗ್ಗಿಸಿ. ಸಂಖ್ಯೆ ಕುಣಿದರೆ ಒಳಗೆ ಕೋರ್ ಮುರಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಆದರೆ ಮೀಟರ್ ಸರಿ ತೋರಿಸಿತು ಅಂತ ವೈರಿಗೆ ಪೂರ್ತಿ ಸರ್ಟಿಫಿಕೇಟ್ ಕೊಡಬೇಡಿ. ಮೀಟರಿನೊಳಗಿರುವುದು ಸಣ್ಣ ಬ್ಯಾಟರಿ. ರಬ್ಬರಿನ ಬಿರುಕು ಅದಕ್ಕೆ ಕಾಣುವುದಿಲ್ಲ, ಸಾವಿರಾರು ವೋಲ್ಟಿಗೆ ಮಾತ್ರ ಕಾಣುತ್ತದೆ. ಕತ್ತಲೆ ಪರೀಕ್ಷೆ, ಮೀಟರ್ ಪರೀಕ್ಷೆ ಎರಡೂ ಬೇಕು.

ಈಗ ತಾಮ್ರದ ಮಾತು.

ಪ್ಲಗ್ ವೈರಿನ ಒಳಗಿನ ಕೋರ್ ಮುಖ್ಯವಾಗಿ ಮೂರು ಥರ. ಒಂದು ತಾಮ್ರದ ಎಳೆಗಳದ್ದು. ಎರಡನೆಯದು ಕಾರ್ಬನ್ ಸೇರಿಸಿದ ನಾರು, ಬೇಕೆಂದೇ ರೆಸಿಸ್ಟೆನ್ಸ್ ಇಟ್ಟಿರುವುದು. ಮೂರನೆಯದು ನಾರಿನ ಅಥವಾ ಫೆರೈಟ್ ತಿರುಳಿನ ಸುತ್ತ ಕೂದಲಿನಷ್ಟು ಸಣ್ಣ ಲೋಹದ ತಂತಿಯನ್ನು ಸುರುಳಿ ಸುತ್ತಿರುವುದು, ಅದನ್ನು ಸ್ಪೈರಲ್ ಕೋರ್ ಅನ್ನುತ್ತಾರೆ. ತಾಮ್ರಕ್ಕೆ ರೆಸಿಸ್ಟೆನ್ಸ್ ಇಲ್ಲವೇ ಇಲ್ಲ ಅನ್ನಬಹುದು. ಸ್ಪೈರಲ್‌ಗೆ ಕಾರ್ಬನ್‌ಗಿಂತ ತುಂಬಾ ಕಡಿಮೆ. ಹಾಗಾದರೆ ತಾಮ್ರವೇ ಒಳ್ಳೆಯದಲ್ವಾ ಅನ್ನಿಸುತ್ತದೆ. ಮನೆಯ ವೈರಿಂಗ್‌ಗೆ ಆ ಲೆಕ್ಕ ಸರಿ. ಇಲ್ಲಿ ಅದು ನಡೆಯುವುದಿಲ್ಲ.

ಕಿಡಿ ಹಾರುವ ಮೊದಲು ವೈರಿನಲ್ಲಿ ಕರೆಂಟ್ ಹೆಚ್ಚುಕಡಿಮೆ ಹರಿಯುತ್ತಲೇ ಇರುವುದಿಲ್ಲ, ವೋಲ್ಟೇಜ್ ಮಾತ್ರ ಏರುತ್ತಿರುತ್ತದೆ. ಕರೆಂಟೇ ಇಲ್ಲದ ಮೇಲೆ ರೆಸಿಸ್ಟೆನ್ಸಿನಿಂದ ವೋಲ್ಟೇಜ್ ಕಳೆಯುವುದು ಹೇಗೆ? ಕಿಡಿ ಹಾರಿದ ಮೇಲೆ ಹರಿಯುವುದೂ ಕೆಲವು ಹತ್ತು ಮಿಲಿಆಂಪ್ ಅಷ್ಟೇ. 50 ಅಂತ ಇಟ್ಟುಕೊಳ್ಳಿ. ವೈರಿನ ರೆಸಿಸ್ಟೆನ್ಸ್ 10 ಕಿಲೋ ಓಮ್ ಆದರೆ ಕಳೆಯುವುದು 500 ವೋಲ್ಟ್. ಕಾಯಿಲ್ 20 ಸಾವಿರದವರೆಗೆ ಏರಬಲ್ಲದು ಅಂದಾಗ 500 ಯಾವ ಮೂಲೆಗೆ? ತಾಮ್ರ ಹಾಕಿ ಆ 500 ಉಳಿಸಿದರೆ ಪಿಕಪ್ಪಿನಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. 'ತಾಮ್ರ ಹಾಕಿದ ಮೇಲೆ ಗಾಡಿ ಹಾರ್ತಾ ಇದೆ' ಅನ್ನುವವರ ಹಳೇ ವೈರ್ ಸತ್ತಿತ್ತು, ಅಷ್ಟೇ. ಆ ಜಾಗಕ್ಕೆ ಯಾವ ಹೊಸ ವೈರ್ ಹಾಕಿದ್ದರೂ ಹಾರುತ್ತಿತ್ತು.

ಮತ್ತೆ ಬೇಕೆಂದೇ ರೆಸಿಸ್ಟೆನ್ಸ್ ಇಡುವುದು ಯಾಕೆ? ಪ್ರತಿ ಕಿಡಿಯೂ ಒಂದು ಸಣ್ಣ ರೇಡಿಯೋ ಸ್ಟೇಷನ್. ಹಳೇ ಪದ್ಮಿನಿಯಲ್ಲಿ ಕೂತು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್ ಹಿಡಿದು ಬೆಂಗಳೂರು ಆಕಾಶವಾಣಿ ಕೇಳಿದವರಿಗೆ ನೆನಪಿರಬಹುದು. ಆಕ್ಸಿಲರೇಟರ್ ಒತ್ತಿದಷ್ಟೂ ರೇಡಿಯೋದಲ್ಲಿ ಕರಕರ ಸದ್ದು ಏರುತ್ತಿತ್ತು. ಅದು ಇಗ್ನಿಷನ್ ಸದ್ದು. ರೆಸಿಸ್ಟೆನ್ಸ್ ಇದ್ದರೆ ಆ ಸದ್ದು ಅಡಗುತ್ತದೆ. ಇನ್ನೊಂದು ಲಾಭವೂ ಇದೆ. ಕಿಡಿ ಹಾರುವ ಮೊದಲ ಕ್ಷಣದಲ್ಲಿ, ವೈರಿನಲ್ಲೇ ಶೇಖರವಾಗಿದ್ದ ಚಾರ್ಜ್ ಒಮ್ಮೆಲೇ ನುಗ್ಗುತ್ತದೆ. ಆ ಕ್ಷಣದ ಕರೆಂಟ್ ತುಂಬಾ ಜಾಸ್ತಿ. ರೆಸಿಸ್ಟೆನ್ಸ್ ಅದನ್ನು ಹಿಡಿದಿಡುತ್ತದೆ, ಪ್ಲಗ್ ಮತ್ತು ರೋಟರ್ ತುದಿ ನಿಧಾನವಾಗಿ ಸವೆಯುತ್ತವೆ. ಎಂಪಿಎಫ್ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿಗಳಲ್ಲಿ ಇದು ಬರೀ ರೇಡಿಯೋ ವಿಷಯವೂ ಅಲ್ಲ. ಅಲ್ಲಿ ಇಂಜಿನ್ ನಡೆಸುವುದೇ ಒಂದು ಕಂಪ್ಯೂಟರ್. ಅದರ ಸೆನ್ಸರ್ ವೈರಿನ ಪಕ್ಕದಲ್ಲಿ ತಾಮ್ರದ ಪ್ಲಗ್ ವೈರ್ ಎಳೆದರೆ, ಯಾಕೆ ಅಂತ ಯಾರಿಗೂ ಹೇಳಲಾಗದ ತಲೆನೋವು ಶುರುವಾಗುತ್ತದೆ. 2000ದ ನಂತರದ 800 ಇಟ್ಟುಕೊಂಡವರು ಇದನ್ನು ಗಮನಿಸಿ.

ಹಾಗಂತ ನಿಮ್ಮ ಮೆಕ್ಯಾನಿಕ್ ಸುಮ್ನೆ ಹೇಳುತ್ತಿದ್ದಾರೆ ಅಂತಲ್ಲ. ನಮ್ಮ ಕಡೆ ಬಹಳ ಮೆಕ್ಯಾನಿಕ್‌ಗಳು ಕೆಲಸ ಕಲಿತದ್ದು ಬೈಕುಗಳ ಮೇಲೆ. ಬೈಕಿನಲ್ಲಿ ಸಾಮಾನ್ಯವಾಗಿ ತಾಮ್ರದ ವೈರೇ ಇರುತ್ತದೆ, ರೆಸಿಸ್ಟೆನ್ಸ್ ಪ್ಲಗ್ಗಿನ ಮೇಲೆ ಕೂರುವ ಕ್ಯಾಪಿನೊಳಗೆ ಇರುತ್ತದೆ. ಆ ಕ್ಯಾಪ್ ಬಿಟ್ಟು ಬರೀ ವೈರ್ ಮಾತ್ರ ಕಾರಿಗೆ ತಂದರೆ ಅರ್ಧ ವ್ಯವಸ್ಥೆ ತಂದ ಹಾಗೆ. ಪಾಯಿಂಟ್ ಇಗ್ನಿಷನ್ (ಎಲೆಕ್ಟ್ರಾನಿಕ್ ಅಲ್ಲದ ಹಳೇ ಥರದ ಇಗ್ನಿಷನ್) ಇರುವ ಪದ್ಮಿನಿ, ಅಂಬಾಸಿಡರ್ ಮಾಲೀಕರಿಗೆ ತಾಮ್ರ ಈಗಲೂ ನಡೆಯುತ್ತದೆ. ಕೆಲವು ಹಳೇ ಲ್ಯೂಕಾಸ್ ಕ್ಯಾಪ್‌ಗಳಲ್ಲಿ ವೈರ್ ಪಕ್ಕದಿಂದ ತೂರಿಕೊಳ್ಳುತ್ತದೆ, ಒಳಗಿನಿಂದ ಚೂಪು ಸ್ಕ್ರೂ ಬಂದು ಕೋರಿಗೆ ಚುಚ್ಚಿಕೊಳ್ಳುತ್ತದೆ. ಅಂಥ ಕ್ಯಾಪಿಗೆ ತಾಮ್ರವೇ ಸರಿ. ಕಾರ್ಬನ್ ನಾರಿಗೆ ಸ್ಕ್ರೂ ಚುಚ್ಚಿದರೆ ಸಂಪರ್ಕ ಗಟ್ಟಿಯಾಗಿ ನಿಲ್ಲುವುದಿಲ್ಲ, ನಿಧಾನವಾಗಿ ಸುಟ್ಟುಹೋಗುತ್ತದೆ. ತಾಮ್ರ ಹಾಕಿದರೆ ಜೊತೆಗೆ ರೆಸಿಸ್ಟರ್ ಇರುವ ಪ್ಲಗ್ ಹಾಕಿ. ಎನ್‌ಜಿಕೆಯಲ್ಲಿ ಬಿಪಿ5ಇಎಸ್ ಅಂದರೆ ರೆಸಿಸ್ಟರ್ ಇಲ್ಲದ್ದು, ಬಿಪಿಆರ್5ಇಎಸ್ ಅಂದರೆ ಇರುವುದು. ಆ ನಡುವಿನ 'ಆರ್' ನೋಡಿಕೊಳ್ಳಿ. ಬಾಷ್‌ನಲ್ಲೂ ಹಾಗೇ, ಡಬ್ಲ್ಯು ಪಕ್ಕದಲ್ಲಿ ಆರ್ ಇರುತ್ತದೆ. (ಹಳಬರು ಇನ್ನೂ ಕೌಂಟರಿನಲ್ಲಿ 'ಮೈಕೋ ಪ್ಲಗ್ ಕೊಡಿ' ಅಂತಲೇ ಕೇಳುತ್ತಾರೆ. ಆಡುಗೋಡಿಯ ಮೈಕೋ 2008ರಲ್ಲೇ ಬಾಷ್ ಲಿಮಿಟೆಡ್ ಆಯಿತು. ಅಂಗಡಿಯವರು ಮಾತ್ರ ತಿದ್ದದೆ ಪ್ಲಗ್ ತೆಗೆದುಕೊಡುತ್ತಾರೆ.)

ಇನ್ನು ರಬ್ಬರ್. ದುಡ್ಡು ಹೋಗಬೇಕಾದದ್ದು ಇಲ್ಲಿಗೆ.

ಅಗ್ಗದ ವೈರಿನ ಹೊರಮೈ ಹೆಚ್ಚಾಗಿ ಪಿವಿಸಿ, ಅಂದರೆ ಮನೆ ವೈರಿಂಗಿನ ಪ್ಲಾಸ್ಟಿಕ್ಕಿನ ಜಾತಿಯದ್ದು. ಅದಕ್ಕೆ ದರ್ಜೆ ನೋಡಿಕೊಂಡು 70ರಿಂದ 105 ಡಿಗ್ರಿವರೆಗೆ ತಾಳಿಕೆ. ಇಂಜಿನ್ನಿನ ಬಿಸಿ ಹೊಗೆ ಹೊರಗೆ ಹೋಗುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲಿ ಅದು ಎರಡು ಬೇಸಿಗೆಗೆ ಕಡ್ಡಿಯಾಗುತ್ತದೆ. ಅದರಲ್ಲೂ ನಮ್ಮ ಟ್ರಾಫಿಕ್. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ನಿಂತ ಗಾಡಿಯ ಬಾನೆಟ್ ಒಳಗೆ ಗಾಳಿಯೇ ಆಡುವುದಿಲ್ಲ. ಹೈವೇಯಲ್ಲಿ 80ರಲ್ಲಿ ಓಡುವ ಗಾಡಿಗಿಂತ ಊರೊಳಗೆ ತೆವಳುವ ಗಾಡಿಯ ವೈರಿಗೆ ಕಾವು ಜಾಸ್ತಿ. ಇಪಿಡಿಎಂ ಅನ್ನುವ ರಬ್ಬರ್ ಇದಕ್ಕಿಂತ ಬಹಳ ಮೇಲು. ಸುಮಾರು 125ರಿಂದ 150 ಡಿಗ್ರಿ ತಡೆಯುತ್ತದೆ. ಓಝೋನಿಗೂ ಬಗ್ಗುವುದಿಲ್ಲ. ಓಝೋನ್ ಎಲ್ಲಿಂದ ಬಂತು ಅಂತೀರಾ? ಹೈ ವೋಲ್ಟೇಜ್ ಇದ್ದ ಕಡೆ ಗಾಳಿಯ ಆಮ್ಲಜನಕದಿಂದಲೇ ಅದು ಹುಟ್ಟುತ್ತದೆ. ಹಳೇ ಕಾಲದ ನೈಸರ್ಗಿಕ ರಬ್ಬರ್ ವೈರುಗಳು ಬಾನೆಟ್ ಮುಚ್ಚಿಟ್ಟರೂ ಬಿರುಕು ಬಿಡುತ್ತಿದ್ದದ್ದು ಇದರಿಂದ. ಎಲ್ಲಕ್ಕಿಂತ ಮೇಲಿನದು ಸಿಲಿಕೋನ್. 200 ಡಿಗ್ರಿ ಹತ್ತಿರದ ಕಾವಿನಲ್ಲೂ ಮೆತ್ತಗೇ ಇರುತ್ತದೆ. ಆದರೆ ಅದಕ್ಕೊಂದು ಕುಂದಿದೆ, ಸುಲಭವಾಗಿ ಹರಿಯುತ್ತದೆ. ಬ್ರಾಕೆಟ್ಟಿನ ಚೂಪು ಅಂಚಿಗೆ ಉಜ್ಜುತ್ತಿದ್ದರೆ ಸಿಲಿಕೋನ್ ವೈರ್ ಇಪಿಡಿಎಂಗಿಂತ ಮೊದಲು ಸಾಯುತ್ತದೆ. ನಿಮ್ಮ ಬಾಕ್ಸಿನ ಸೆಟ್ ಇಪಿಡಿಎಂ ಆದರೂ ಸರಿ, ಸಿಲಿಕೋನ್ ಆದರೂ ಸರಿ. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇಲ್ಲದಿದ್ದರೆ ನಾನು ಸಿಲಿಕೋನ್ ಅನ್ನುತ್ತೇನೆ, ಆದರೆ ಕ್ಲಿಪ್‌ಗಳನ್ನೆಲ್ಲ ಸರಿಯಾಗಿ ಹಾಕುವುದಾದರೆ ಮಾತ್ರ.

ದಪ್ಪದ ವಿಷಯ ಹೆಚ್ಚು ಎಳೆಯಬೇಕಾಗಿಲ್ಲ. ಹಳೇ ಕಾರುಗಳಿಗೆ 7 ಮಿ.ಮೀ. ಸಾಮಾನ್ಯ. 8 ಆದರೂ ತೊಂದರೆ ಇಲ್ಲ. 8.5 ಅಂದರೆ ಕೋರ್ ದಪ್ಪ ಅಂತಲ್ಲ, ಹೊರಗಿನ ಹೊದಿಕೆ ದಪ್ಪ ಅಷ್ಟೇ. ಒಳ್ಳೆ ರಬ್ಬರ್ ಜಾಸ್ತಿ ಇದ್ದರೆ ಅದೂ ಲಾಭವೇ, ಆದರೆ ದಪ್ಪ ವೈರ್ ನಿಮ್ಮ ಗಾಡಿಯ ಹಳೇ ಕ್ಲಿಪ್ಪಿನಲ್ಲಿ ಕೂರುವುದಿಲ್ಲ. ಕೂರದ್ದು ಮ್ಯಾನಿಫೋಲ್ಡ್ ಮೇಲೆ ಹೋಗಿ ಒರಗುತ್ತದೆ. ಆ ಕೆಂಪು ಸೆಟ್ಟಿನ ಬಾಕ್ಸ್ ಮೇಲೆ ಪಿಕಪ್, ಮೈಲೇಜ್ ಅಂತೆಲ್ಲ ಬರೆದಿರುತ್ತಾರೆ. 796 ಸಿಸಿ ಇಂಜಿನ್ನಿಗೆ ಬೇಕಾದ ಕಿಡಿಯನ್ನು ಸರಿಯಾದ ಮಾಮೂಲಿ ವೈರೇ ಪೂರ್ತಿ ತಲುಪಿಸುತ್ತದೆ. ಪೂರ್ತಿಗಿಂತ ಜಾಸ್ತಿ ತಲುಪಿಸುವುದು ಯಾವ ವೈರಿನಿಂದಲೂ ಆಗದು.

ಇನ್ನು ಕೌಂಟರಿನ ಮುಂದೆ ನಿಂತಾಗ. ಮಲ್ಟಿಮೀಟರ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಜೆ.ಸಿ. ರಸ್ತೆಯ ಅಂಗಡಿಯವರು ಒಂದು ಸಲ ನಿಮ್ಮ ಮುಖ ನೋಡಬಹುದು, ಬೇಡ ಅನ್ನುವುದಿಲ್ಲ. ನಿಮ್ಮ ಗಾಡಿಗೆ ನಾಲ್ಕು ವೈರ್, ಮೂರು ಪ್ಲಗ್ಗಿಗೆ, ಒಂದು ಕಾಯಿಲ್‌ಗೆ. ನಾಲ್ಕನ್ನೂ ಅಳೆಯಿರಿ. ಉದ್ದದ ವೈರಿಗೆ ಜಾಸ್ತಿ, ಗಿಡ್ಡದ್ದಕ್ಕೆ ಕಡಿಮೆ, ಹೀಗೆ ಉದ್ದಕ್ಕೆ ತಕ್ಕ ಹಾಗೆ ಬರಬೇಕು. ಒಂದು 6, ಇನ್ನೊಂದು ಅದೇ ಉದ್ದಕ್ಕೆ 19 ಕಿಲೋ ಓಮ್ ತೋರಿಸಿದರೆ ವಾಪಸ್ ಕೊಡಿ. ವೈರನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಬಿಡಿ. ಒಳ್ಳೆ ರಬ್ಬರ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಗ್ಗಿದ ಕಡೆ ಬೆಳ್ಳಗಾದರೆ, ಗೆರೆ ಬಿದ್ದರೆ ಅದು ರಬ್ಬರ್ ಅಲ್ಲ, ಪ್ಲಾಸ್ಟಿಕ್. ವೈರಿನ ಮೈಮೇಲೆ ಅಚ್ಚು ಓದಿ. ತಯಾರಕರ ಹೆಸರು, ದಪ್ಪ, ರಬ್ಬರಿನ ಜಾತಿ, ಐಎಸ್‌ಒ 3808 ಅಥವಾ ಎಸ್‌ಎಇ ಜೆ2031 ಅನ್ನುವ ಸ್ಟ್ಯಾಂಡರ್ಡ್ ಸಂಖ್ಯೆ, ಇವುಗಳಲ್ಲಿ ಎಷ್ಟಿದ್ದರೆ ಅಷ್ಟು ಒಳ್ಳೆಯದು. ಹೆಬ್ಬೆರಳಿನಿಂದ ಉಜ್ಜಿದರೆ ಅಚ್ಚು ಅಳಿಸಿ ಬರುವ ಮಾಲು ಡೂಪ್ಲಿಕೇಟ್ ಇರುವ ಸಾಧ್ಯತೆ ಜಾಸ್ತಿ.

ತುದಿಗಳನ್ನು ಇನ್ನೂ ಜೋಪಾನವಾಗಿ ನೋಡಿ. ತುದಿಯ ರಬ್ಬರ್ ಟೋಪಿಯನ್ನು, ಅಂದರೆ ಬೂಟನ್ನು, ಹಿಂದಕ್ಕೆ ಸರಿಸಿದರೆ ಟರ್ಮಿನಲ್ ವೈರಿಗೆ ಹೇಗೆ ಕಚ್ಚಿಕೊಂಡಿದೆ ಅಂತ ಕಾಣುತ್ತದೆ. ಕ್ರಿಂಪ್ (ಲೋಹವನ್ನು ಒತ್ತಿ ಕಚ್ಚಿಸಿದ ಜಾಗ) ಸುತ್ತಲೂ ಒಂದೇ ಸಮ ಇರಬೇಕು, ಟರ್ಮಿನಲ್ ಹಿಡಿದು ಮೆಲ್ಲಗೆ ಎಳೆದರೆ ಅಲ್ಲಾಡಬಾರದು. ಕಾರ್ಬನ್ ವೈರಿನಲ್ಲಿ ಕೋರಿನ ತುದಿಯನ್ನು ಮಡಚಿ ಲೋಹಕ್ಕೆ ಒತ್ತಿರುತ್ತಾರೆ. ಆ ಮಡಿಕೆ ಸರಿಯಿಲ್ಲದಿದ್ದರೆ ಅಲ್ಲೇ ಒಳಗೊಂದು ಸಣ್ಣ ಕಿಡಿ ಹಾರುತ್ತಾ ಹಾರುತ್ತಾ ಕೋರ್ ಸುಟ್ಟು ಹಿಂದೆ ಸರಿಯುತ್ತದೆ. ಹೊಸ ವೈರ್ ಕೆಲವೇ ತಿಂಗಳಿಗೆ ಕೈಕೊಟ್ಟರೆ ಮೊದಲು ಇಲ್ಲೇ ನೋಡಬೇಕು. ರೋಲಿನಿಂದ ವೈರ್ ಕತ್ತರಿಸಿ ಕಟಿಂಗ್ ಪ್ಲೇಯರಿನಲ್ಲಿ ಟರ್ಮಿನಲ್ ಒತ್ತಿಕೊಡುವವರ ಬಗ್ಗೆ ನನಗೆ ನಂಬಿಕೆ ಇಲ್ಲದಿರುವುದೂ ಇದಕ್ಕೇ. ತಾಮ್ರಕ್ಕೆ ಅದು ಹೇಗೋ ನಡೆಯುತ್ತದೆ, ಕಾರ್ಬನ್‌ಗೆ ಸರಿಯಾದ ಕ್ರಿಂಪಿಂಗ್ ಟೂಲ್ ಬೇಕೇ ಬೇಕು. ಪ್ಯಾಕ್ ಆದ ಮಾಲಿನ ಮೇಲೆ ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ ಇರಲೇಬೇಕು ಅನ್ನುವುದು ಕಾನೂನು. ತಿಂಗಳು ವರ್ಷ ನೋಡಿ. ರಬ್ಬರ್ ರ‍್ಯಾಕಿನಲ್ಲಿ ಕೂತೂ ವಯಸ್ಸಾಗುತ್ತದೆ. ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ. ಶಿವಾಜಿನಗರದ ಗುಜರಿಯಲ್ಲಿ ಬಂಪರ್, ಡೋರ್ ಹ್ಯಾಂಡಲ್ ಹುಡುಕುವುದು ಬೇರೆ, ಸೆಕೆಂಡ್ ಹ್ಯಾಂಡ್ ಪ್ಲಗ್ ವೈರ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ಹಾಕುವುದನ್ನು ನೀವೇ ಮಾಡಬಹುದು. ಇಂಜಿನ್ ತಣ್ಣಗಿರಲಿ. ಒಂದು ಹಳೇ ವೈರ್ ತೆಗೆದು, ಅದರ ಪಕ್ಕಕ್ಕೆ ಹಿಡಿದು ಅದೇ ಉದ್ದದ ಹೊಸದು ಹುಡುಕಿ, ಹಾಕಿ, ಆಮೇಲೆ ಎರಡನೆಯದಕ್ಕೆ ಕೈ ಹಚ್ಚಿ. ಎಲ್ಲ ಒಟ್ಟಿಗೆ ಬಿಚ್ಚಿದರೆ ಕ್ಯಾಪಿನಲ್ಲಿ ಯಾವುದು ಎಲ್ಲಿ ಅಂತ ಗೊಂದಲವಾಗುತ್ತದೆ. ನಿಮ್ಮ ಮೂರು ಸಿಲಿಂಡರಿನ ಫೈರಿಂಗ್ ಆರ್ಡರ್, ಅಂದರೆ ಕಿಡಿ ಹಾರುವ ಸರದಿ, 1-3-2. ಪದ್ಮಿನಿ, ಅಂಬಾಸಿಡರ್‌ಗಳದ್ದು 1-3-4-2. ಬೂಟ್ ಹಿಡಿದು ಸ್ವಲ್ಪ ತಿರುಗಿಸಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಹೊಸದನ್ನು ಒತ್ತುವಾಗ 'ಕ್ಲಿಕ್' ಅನ್ನಬೇಕು. ಬೂಟಿನ ಒಳಅಂಚಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಮಳೆನೀರು ಒಳಗಿಳಿಯುವುದಿಲ್ಲ, ಮುಂದಿನ ಸಲ ಬೂಟ್ ಅಂಟಿಕೊಂಡು ಹರಿಯುವುದೂ ಇಲ್ಲ. ಮಾಮೂಲಿ ಬೇರಿಂಗ್ ಗ್ರೀಸ್, ವ್ಯಾಸಲಿನ್ ಬೇಡ. ಪೆಟ್ರೋಲಿಯಂ ಗ್ರೀಸಿಗೆ ಇಪಿಡಿಎಂ ಊದಿಕೊಳ್ಳುತ್ತದೆ. ಚೆಂದ ಕಾಣಲಿ ಅಂತ ಎಲ್ಲ ವೈರುಗಳನ್ನೂ ಟೈ ಹಾಕಿ ಒಂದೇ ಕಟ್ಟು ಮಾಡುವ ಅಭ್ಯಾಸ ಕೆಲವರಿಗಿದೆ. ಬೇಡ. ಪಕ್ಕಪಕ್ಕ ಉದ್ದಕ್ಕೆ ಒರಗಿದ ವೈರುಗಳಲ್ಲಿ ಒಂದರ ಕಿಡಿ ಇನ್ನೊಂದಕ್ಕೂ ಎಳೆಯಬಹುದು.

ಬೆಂಗಳೂರಿನಲ್ಲಿ ವೈರಿಗೆ ಕಾವು ಮಳೆ ಬಿಟ್ಟರೆ ಇನ್ನೆರಡು ಶತ್ರುಗಳಿವೆ. ಒಂದು ವಾಟರ್ ಸರ್ವಿಸ್. ಪ್ರೆಷರ್ ಗನ್ನನ್ನು ನೇರ ಇಂಜಿನ್ ಮೇಲೆ ಹಿಡಿದರೆ ಎಷ್ಟು ಒಳ್ಳೆ ಬೂಟ್ ಆದರೂ ನೀರು ನುಗ್ಗುತ್ತದೆ. ಬಾನೆಟ್ ತೆಗೆಯಬೇಡಿ ಅಂತ ಮೊದಲೇ ಹೇಳಿ. ಇನ್ನೊಂದು ಇಲಿ. ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಯ ಬಾನೆಟ್ ಅದಕ್ಕೆ ಹೇಳಿ ಮಾಡಿಸಿದ ಮನೆ. ನೀವು ವಾರಕ್ಕೆ ಎರಡು ಮೂರು ಸಲ ಓಡಿಸುತ್ತೀರಲ್ಲ, ಆ ಭಯ ಕಡಿಮೆ. ಆದರೂ ವೈರಿನ ಮೇಲೆ ಹಲ್ಲಿನ ಗುರುತು ಇದೆಯಾ ಅಂತ ಆಗಾಗ ನೋಡುತ್ತಿರಿ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ್ದು. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿಗೆ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ ಸ್ವಲ್ಪ ಲೀನ್ ಓಡುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆಯಾಗುತ್ತದೆ. ಲೀನ್ ಮಿಶ್ರಣಕ್ಕೆ ಕಿಡಿ ಹಾರಿಸಲು ವೋಲ್ಟೇಜ್ ಜಾಸ್ತಿ ಬೇಕು. ಮೊದಲು ಹೇಗೋ ನಡೆಯುತ್ತಿದ್ದ ಸುಸ್ತಾದ ವೈರ್ ಈಗ ಮಿಸ್ಸಿಂಗ್ ಹೊಡೆಯಲು ಅದೂ ಒಂದು ಕಾರಣವಾಗಬಹುದು. ವೈರ್ ಹಾಕಿದ ಮೇಲೆ ಒಮ್ಮೆ ಕಾರ್ಬ್ಯುರೇಟರ್ ಟ್ಯೂನಿಂಗ್ ಮಾಡಿಸಿ, ಎಮಿಷನ್ ಟೆಸ್ಟ್ ಆಮೇಲೆ ಇಟ್ಟುಕೊಳ್ಳಿ. ಮಿಸ್ಸಿಂಗ್ ಇರುವ ಗಾಡಿಯಲ್ಲಿ ಉರಿಯದ ಪೆಟ್ರೋಲ್ ಹಾಗೇ ಹೊರಗೆ ಹೋಗುತ್ತದೆ, ಟೆಸ್ಟಿನಲ್ಲಿ ಹೈಡ್ರೋಕಾರ್ಬನ್ ಸಂಖ್ಯೆ ಏರುತ್ತದೆ. ನಿಮ್ಮದು 15 ವರ್ಷ ದಾಟಿದ ಗಾಡಿ, ಆರ್‌ಟಿಒದಲ್ಲಿ ಆರ್‌ಸಿ ನವೀಕರಣ ಹತ್ತಿರ ಇದ್ದರೆ ಇದನ್ನೆಲ್ಲ ಅದಕ್ಕೂ ಮೊದಲೇ ಮುಗಿಸಿಬಿಡಿ.

ಹೊಸ ಸೆಟ್ ಹಾಕಿದ ಮೇಲೂ ಮಳೆ ಮರುದಿನದ ಮಿಸ್ಸಿಂಗ್ ಹೋಗದಿದ್ದರೆ ವೈರನ್ನು ಬೈಯಬೇಡಿ. ಕ್ಯಾಪ್ ಮತ್ತು ರೋಟರ್ ಜೊತೆಯಾಗಿ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಕಾಯಿಲ್‌ನ ಮೇಲ್ತುದಿಯಲ್ಲಿ ವೈರ್ ಕೂರುವ ಜಾಗ ಸುಟ್ಟಿದೆಯಾ ನೋಡಿ. ಮಳೆ ಇಲ್ಲದಾಗಲೂ ಫ್ಲೈಓವರ್ ಜರ್ಕ್ ಮಾತ್ರ ಉಳಿದರೆ ಇಗ್ನಿಷನ್ ಬಿಟ್ಟು ಪೆಟ್ರೋಲ್ ಫಿಲ್ಟರ್, ಕಾರ್ಬ್ಯುರೇಟರ್ ಜೆಟ್ ಕಡೆ ಹೋಗಬೇಕು. ಬಿಚ್ಚಿದ ಹಳೇ ವೈರುಗಳಲ್ಲಿ ಮೀಟರಿಗೆ ಸರಿ ಬಂದದ್ದು, ಎಲ್ಲಕ್ಕಿಂತ ಉದ್ದದ್ದು ಒಂದನ್ನು ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟುಕೊಳ್ಳಿ. ದಾರಿಯಲ್ಲಿ ಯಾವ ಸಿಲಿಂಡರ್ ಕೈಕೊಟ್ಟರೂ ಉದ್ದದ ವೈರ್ ಅಲ್ಲಿಗೆ ಎಟುಕುತ್ತದೆ, ಮನೆ ಸೇರುವವರೆಗೆ ಸಾಕು.